ಹೊತ್ತಿಗೊಂದು ದರ: ಹೊತ್ತನ್ನು ಆಯ್ದುಕೊಳ್ಳುವವರು ಯಾರು?

ಬೆಂಗಳೂರಿನ ಮೆಟ್ರೊ ರೈಲಿನ ಪ್ರಯಾಣದರವನ್ನು 2025ರ ಫೆಬ್ರವರಿಯಲ್ಲಿ ಪರಿಷ್ಕರಿಸಲಾಯಿತು. ಗರಿಷ್ಠ ದರ ₹60ರಿಂದ ₹90ಕ್ಕೆ ಏರಿತೆಂಬುದು ಎಲ್ಲರಿಗೂ ತಿಳಿದ ಸಂಗತಿ. ಅದರ ಜೊತೆಗೇ ಬಂದ ಇನ್ನೊಂದು ಬದಲಾವಣೆ ಮಾತ್ರ ನಮ್ಮ ಹಳ್ಳಿಗಳಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅಂದಿನಿಂದ ಪ್ರಯಾಣದ ಬೆಲೆಯನ್ನು ದೂರದ ಜೊತೆಗೆ ಹೊತ್ತೂ ನಿರ್ಧರಿಸತೊಡಗಿತು.

ಆ ವ್ಯವಸ್ಥೆ ಹೀಗಿದೆ. ಸ್ಮಾರ್ಟ್ ಕಾರ್ಡನ್ನು ದ್ವಾರದ ಯಂತ್ರಕ್ಕೆ ತಾಗಿಸಿ ಪ್ರಯಾಣಿಸುವವರಿಗೆ ಶೇಕಡ 5ರಷ್ಟು ರಿಯಾಯಿತಿ. ಜನದಟ್ಟಣೆ ಕಡಿಮೆಯಿರುವ ಹೊತ್ತಿನಲ್ಲಿ, ಅಂದರೆ ಮುಂಜಾನೆ ಸೇವೆ ಆರಂಭವಾದಾಗಿನಿಂದ 8 ಗಂಟೆಯವರೆಗೆ, ಮಧ್ಯಾಹ್ನ 12ರಿಂದ 4ರವರೆಗೆ ಮತ್ತು ರಾತ್ರಿ 9ರ ನಂತರ, ಅದರ ಮೇಲೆ ಇನ್ನೂ ಶೇಕಡ 5. ಭಾನುವಾರಗಳಂದು ಮತ್ತು ಜನವರಿ 26, ಆಗಸ್ಟ್ 15, ಅಕ್ಟೋಬರ್ 2ರಂದು ದಿನವಿಡೀ ಶೇಕಡ 10. ಟೋಕನ್ ಕೊಂಡವರಿಗೆ ಇವು ಯಾವುವೂ ಇಲ್ಲ. ₹60ರ ದೂರವನ್ನು ತೆಗೆದುಕೊಳ್ಳೋಣ. ಟೋಕನ್ನಿನವರು ₹60 ಕೊಡುತ್ತಾರೆ, ದಟ್ಟಣೆಯ ಹೊತ್ತಿನ ಕಾರ್ಡಿನವರು ₹57, ಬಿಡುವಿನ ಹೊತ್ತಿನವರು ₹54. ಒಂದೇ ಬೋಗಿ, ಒಂದೇ ದೂರ, ಮೂರು ಬೆಲೆ. ಕಾರ್ಡಿನಲ್ಲಿ ಕನಿಷ್ಠ ₹90 ಇದ್ದರೆ ಮಾತ್ರ ಒಳಗೆ ಪ್ರವೇಶವೆಂಬ ನಿಯಮವನ್ನೂ ಇದರೊಡನೆ ತರಲಾಯಿತು.

ಇಂಥ ದರಪದ್ಧತಿಯ ಹಿಂದಿರುವ ತರ್ಕ ಪರಿಸರದ ದೃಷ್ಟಿಯಿಂದ ಸರಿಯಾದುದೇ. ಯಾವುದೇ ಸಾರ್ವಜನಿಕ ವ್ಯವಸ್ಥೆಯ ಗಾತ್ರವನ್ನು ನಿರ್ಧರಿಸುವುದು ಅದರ ಸರಾಸರಿ ಬಳಕೆಯಲ್ಲ, ಅತಿ ಹೆಚ್ಚು ಬಳಕೆಯ ಗಳಿಗೆ. ಬೆಳಗಿನ 9 ಗಂಟೆಯ ನೂಕುನುಗ್ಗಲಿಗೆಂದು ಹೆಚ್ಚು ರೈಲು, ಹೆಚ್ಚು ವಿದ್ಯುತ್ತು, ಹೆಚ್ಚು ಉಕ್ಕು ಮತ್ತು ಸಿಮೆಂಟು ಬೇಕಾಗುತ್ತದೆ. ಅದೇ ರೈಲುಗಳು ಮಧ್ಯಾಹ್ನ ಅರೆ ಖಾಲಿಯಾಗಿ ಓಡುತ್ತವೆ. ಜನರಲ್ಲಿ ಒಂದು ಪಾಲು ಹೊತ್ತು ಬದಲಿಸಿದರೂ ಹೊಸದಾಗಿ ಕಟ್ಟಬೇಕಾದುದು ಅಷ್ಟು ಕಡಿಮೆಯಾಗುತ್ತದೆ. ನಗರದ ಬೇಡಿಕೆ ಏರಿದಾಗಲೆಲ್ಲ ಅದರ ಭಾರ ದೂರದ ಯಾವುದೋ ಬೆಟ್ಟದ ಮೇಲೆ ಬೀಳುತ್ತದೆಂಬುದನ್ನು ಗಾಳಿಯಂತ್ರಗಳನ್ನು ಹೊತ್ತ ಚಿತ್ರದುರ್ಗ, ಹೊಸದುರ್ಗದ ಗುಡ್ಡಸಾಲುಗಳ ಜನರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಹೊತ್ತಿನ ಹಂಚಿಕೆ ನಮ್ಮ ರೈತರಿಗೆ ಹೊಸದೂ ಅಲ್ಲ. ನಗರಕ್ಕೆ ವಿದ್ಯುತ್ತು ಹೆಚ್ಚು ಬೇಕಾದಾಗ ನಮ್ಮ ಪಂಪ್‌ಸೆಟ್ಟುಗಳಿಗೆ ತ್ರೀಫೇಸ್ ದೊರೆಯುವುದಿಲ್ಲ. ಎಷ್ಟೋ ಊರುಗಳಲ್ಲಿ ರೈತ ನಡುರಾತ್ರಿ ಎದ್ದು, ಟಾರ್ಚ್ ಹಿಡಿದು, ಅಡಿಕೆ ತೆಂಗಿನ ತೋಟಕ್ಕೆ ನೀರು ಹಾಯಿಸಿದ್ದಾನೆ. ಬಿಡುವಿನ ಹೊತ್ತಿನ ಬದುಕನ್ನು ಹಳ್ಳಿಗಳು ಬಹುಕಾಲದಿಂದ ಬಾಳುತ್ತಿವೆ. ಆದರೆ ಆ ಹೊತ್ತನ್ನು ಆಯ್ದುಕೊಂಡವನು ರೈತನಲ್ಲ. ಹೊತ್ತಿನ ದರದ ಬಗ್ಗೆ ನಾವು ಕೇಳಬೇಕಾದ ಪ್ರಶ್ನೆಯೂ ಇದೇ: ಹೊತ್ತನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯ ಯಾರಿಗಿದೆ?

ನಮ್ಮ ಜಿಲ್ಲೆಯವರು ಬೆಂಗಳೂರು ತಲುಪುವ ಬಗೆಯನ್ನೇ ನೋಡೋಣ. ಹಿರಿಯೂರು ಪಟ್ಟಣಕ್ಕೆ ರೈಲು ಇನ್ನೂ ಬಂದಿಲ್ಲ. ಹೊಳಲ್ಕೆರೆ, ಚಿಕ್ಕಜಾಜೂರು, ಹೊಸದುರ್ಗ ರೋಡ್ ನಿಲ್ದಾಣಗಳಿಂದ ಹೊರಡುವ ಸಾಮಾನ್ಯ ರೈಲಿನ ಕಾಯ್ದಿರಿಸದ ಟಿಕೆಟ್ಟಿಗೆ ಇಂದಿಗೂ ದೂರದ ಲೆಕ್ಕವೇ ಹೊರತು ಹೊತ್ತಿನ ಲೆಕ್ಕವಿಲ್ಲ. ಬಸ್ಸಿನಲ್ಲಿ ಹೋಗುವವರು ತುಮಕೂರು ರಸ್ತೆಯ ಮಾದಾವರ, ನಾಗಸಂದ್ರ ಅಥವಾ ಗೊರಗುಂಟೆಪಾಳ್ಯದಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೊ ಹಿಡಿಯಬಹುದು. ಬೆಳಗಿನ ಜಾವ 5ಕ್ಕೆ ಹಿರಿಯೂರು ಬಿಟ್ಟ ಬಸ್ಸು ಅಲ್ಲಿಗೆ ತಲುಪುವಾಗ 8 ಗಂಟೆಯ ಆಸುಪಾಸು. ಚಿತ್ರದುರ್ಗದಿಂದ ಅದೇ ಹೊತ್ತಿಗೆ ಹೊರಟವರಿಗೆ ಇನ್ನೂ ತಡ. ಬಿಡುವಿನ ಹೊತ್ತು ಮುಗಿದು, ದಟ್ಟಣೆಯ ಹೊತ್ತು ಆರಂಭವಾಗುವಾಗಲೇ ನಮ್ಮವರು ನಿಲ್ದಾಣದ ಮೆಟ್ಟಿಲು ಹತ್ತುತ್ತಾರೆ. ಆಸ್ಪತ್ರೆಯ ಚೀಟಿ ಬೆಳಿಗ್ಗೆ ಮಾತ್ರ ಕೊಡುತ್ತಾರೆ, ಪರೀಕ್ಷೆ, ಸಂದರ್ಶನಗಳ ಸಮಯವನ್ನು ಬೇರೆಯವರು ಗೊತ್ತುಮಾಡುತ್ತಾರೆ, ಕೂಲಿಯ ಪಾಳಿ ಕಾಯುವುದಿಲ್ಲ. ಕೆಲಸ ಮುಗಿಸಿ ಊರಿಗೆ ಮರಳುವ ಸಂಜೆಯೂ 4ರಿಂದ 9ರ ದಟ್ಟಣೆಯೊಳಗೇ ಬರುತ್ತದೆ.

ಅಷ್ಟೇ ಅಲ್ಲ, ವರ್ಷಕ್ಕೆ ಎರಡು ಸಲ ಬೆಂಗಳೂರಿಗೆ ಹೋಗುವವರು ಕಾರ್ಡನ್ನು ಕೊಂಡು, ಅದರಲ್ಲಿ ₹90 ಉಳಿಸಿಟ್ಟು ಬರುವುದುಂಟೇ? ಅವರು ಟೋಕನ್ನನ್ನೇ ಕೊಳ್ಳುತ್ತಾರೆ. ಮಧ್ಯಾಹ್ನ 2 ಗಂಟೆಯ ಖಾಲಿ ರೈಲಿನಲ್ಲಿ ಹೋದರೂ ಪೂರ್ತಿ ದರವನ್ನೇ ತೆರುತ್ತಾರೆ. ದಟ್ಟಣೆ ಕಡಿಮೆ ಮಾಡಿದ ಉಪಕಾರ ಅವರದೂ ಹೌದು, ಆದರೆ ಅದರ ಫಲ ಅವರಿಗಿಲ್ಲ. ಇಲ್ಲಿ ಬಹುಮಾನ ದೊರೆಯುವುದು ಹೊತ್ತಿಗಿಂತ ಮೊದಲು ಕಾರ್ಡಿಗೆ.

ಬೇರೆಡೆಯ ಅನುಭವಗಳು ಈ ವಿಷಯದಲ್ಲಿ ಉಪಯುಕ್ತ. ಲಂಡನ್ನಿನ ಮೆಟ್ರೊದಲ್ಲಿ 2014ರಿಂದ ಯಾವುದೇ ಬ್ಯಾಂಕಿನ ತಾಗಿಸುವ ಕಾರ್ಡು ನಡೆಯುತ್ತದೆ. ಅಪರೂಪಕ್ಕೆ ಬಂದವರೂ ಪ್ರತ್ಯೇಕ ಕಾರ್ಡು ಕೊಳ್ಳದೆ ಬಿಡುವಿನ ಹೊತ್ತಿನ ದರ ಪಡೆಯುತ್ತಾರೆ. ಒಂದು ದಿನದ ವೆಚ್ಚ ಗೊತ್ತಾದ ಮಿತಿ ಮುಟ್ಟಿದ ಮೇಲೆ ಯಂತ್ರ ಮತ್ತೆ ಹಣ ಕಡಿಯುವುದಿಲ್ಲ. ಸಿಂಗಪುರದಲ್ಲಿ 2013ರಿಂದ 2017ರವರೆಗೆ, ವಾರದ ದಿನಗಳಲ್ಲಿ ಬೆಳಿಗ್ಗೆ 7.45ರೊಳಗೆ ನಗರಮಧ್ಯದ ಆಯ್ದ ನಿಲ್ದಾಣಗಳಲ್ಲಿ ಇಳಿದವರಿಗೆ ಪ್ರಯಾಣ ಉಚಿತವಾಗಿತ್ತು. ಹೊತ್ತು ಬದಲಿಸಲು ಅದು ನಿಜವಾದ ಪ್ರೇರಣೆ. ₹60ಕ್ಕೆ ₹3ರ ಹೆಚ್ಚುವರಿ ರಿಯಾಯಿತಿ ಯಾವ ನೌಕರನ ಹೊತ್ತನ್ನು ಬದಲಿಸೀತು? ದರ ಏರಿದ ನಂತರ ನಮ್ಮ ಮೆಟ್ರೊದಲ್ಲಿ ಪ್ರಯಾಣಿಕರ ಸಂಖ್ಯೆಯೂ ಕುಸಿಯಿತು. ರೈಲು ಬಿಟ್ಟವನು ದ್ವಿಚಕ್ರ ವಾಹನ ಏರಿದರೆ, ದಟ್ಟಣೆ ರೈಲಿನಿಂದ ರಸ್ತೆಗೂ ಹೊಗೆಗೂ ವರ್ಗವಾದಂತಷ್ಟೇ.

ಆದ್ದರಿಂದ ನಮ್ಮ ನಿಲುವು ಸ್ಪಷ್ಟ. ಹೊತ್ತಿನ ರಿಯಾಯಿತಿಯನ್ನು ನಾವು ವಿರೋಧಿಸುವುದಿಲ್ಲ, ಅದು ಎಲ್ಲರಿಗೂ ತಲುಪಬೇಕೆನ್ನುತ್ತೇವೆ. ಬಿಡುವಿನ ಹೊತ್ತಿನ ರಿಯಾಯಿತಿ ಟೋಕನ್ನಿಗೂ ದೊರೆಯಲಿ. ಕನಿಷ್ಠ ಮೊತ್ತದ ನಿಯಮ ಸಡಿಲವಾಗಲಿ. ದೂರದ ಬಸ್ಸು, ರೈಲುಗಳಿಂದ ಇಳಿದು ಬರುವವರ ಅನುಕೂಲಕ್ಕಾಗಿ ಬೆಳಗಿನ ರಿಯಾಯಿತಿಯ ಗಡಿ 8ರಿಂದ 9ಕ್ಕೆ ಸರಿಯಲಿ. ಹೊತ್ತಿನ ಪಟ್ಟಿಯನ್ನು ಟಿಕೆಟ್ ಕಿಟಕಿಯ ಪಕ್ಕದಲ್ಲೇ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಯಿಸಲಿ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ಬೆಂಗಳೂರಿನಲ್ಲಿ ಓದುವ ನೀವು ಆಗಾಗ ಪ್ರಯಾಣಿಸುವವರು. ಕಾರ್ಡು ನಿಮಗೆ ಲಾಭದಾಯಕ, ಭಾನುವಾರ ಇನ್ನಷ್ಟು. ಊರಿನಿಂದ ಹಿರಿಯರು ಬರುವ ಮುನ್ನ ಈ ಲೆಕ್ಕವನ್ನು ಅವರಿಗೂ ತಿಳಿಸಿಕೊಡಿ. ಹೊತ್ತನ್ನು ಆಯ್ದುಕೊಳ್ಳಲು ಸಾಧ್ಯವಿರುವವರು ಬಿಡುವಿನ ಹೊತ್ತಿಗೆ ಸರಿದರೆ, ಸಾಧ್ಯವಿಲ್ಲದವರಿಗೆ ಬೋಗಿಯಲ್ಲಿ ನಿಲ್ಲಲು ಒಂದಿಷ್ಟು ಜಾಗವಾದರೂ ದೊರೆಯುತ್ತದೆ.