ಆರೇ ಆಟದ ಗೆಲಿಲಿಯೋ

ಗುರುಗ್ರಹದ 4 ಉಪಗ್ರಹಗಳನ್ನು ಕಂಡ ಗೆಲಿಲಿಯೋನನ್ನು ಹಲಸೂರಿನ ಶಾಲಾಮಕ್ಕಳೂ ಬಲ್ಲರು. ಆತನ ಮೇಲೆ ಜರ್ಮನ್ ನಾಟಕಕಾರ ಬ್ರೆಕ್ಟ್ ಬರೆದ ನಾಟಕ ಮಾತ್ರ 1947ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಸೋತಿತು. ವಿಮರ್ಶಕರಿಗೆ ರುಚಿಸಲಿಲ್ಲ. ಪಾಠದಂತೆ ಕಂಡಿತೋ ಏನೋ. ಪಾಠವೆಂದರೆ ಯಾರಿಗೆ ಇಷ್ಟ!

ಅದೇ ಜುಲೈನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆಡಿದಾಗ ವಿಪರೀತ ಸೆಕೆ. ಗೆಲಿಲಿಯೋ ಪಾತ್ರಧಾರಿ ಚಾರ್ಲ್ಸ್ ಲಾಟನ್, ಐಸ್ ತುಂಬಿದ ಲಾರಿಗಳನ್ನು ರಂಗಮಂದಿರದ ಗೋಡೆಗೆ ಒತ್ತಿ ನಿಲ್ಲಿಸಿ, ಫ್ಯಾನ್ ಹಾಕಿಸಿ ಎಂದ. ಪ್ರೇಕ್ಷಕರ ತಲೆ ಓಡಬೇಕಲ್ಲ! 1 ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಶಾಖ ಹೀರುತ್ತದೆ, ನಿಜ. ಗೋಡೆಯಾಚೆಯ ಐಸಿನಿಂದ ಒಳಗೆ ಎಷ್ಟು ತಂಪಾದೀತು? ಮಕ್ಕಳೇ ಯೋಚಿಸಲಿ.

ಹಿರೋಷಿಮಾದ ಬಾಂಬಿನ ನಂತರ ತಿದ್ದಿದ ಈ ರೂಪದಲ್ಲಿ, ಅಧಿಕಾರಕ್ಕೆ ಮಣಿದ ಗೆಲಿಲಿಯೋ ತನ್ನನ್ನೇ ಅಪರಾಧಿ ಎನ್ನುತ್ತಾನೆ. ಅದನ್ನು ಕೇಳಲು ನ್ಯೂಯಾರ್ಕಿನವರಿಗೆ ಸಿಕ್ಕಿದ್ದು ಆರೇ ಪ್ರದರ್ಶನ.