ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಇದೆ ಎಂದರೆ ಕ್ಯಾನ್ಸರ್ ಎಂದೇ ಅರ್ಥವೇ?

ಕಿಡ್ನಿ ಕಲ್ಲು ನೋಡಲು ಸಿಟಿ ಸ್ಕ್ಯಾನ್ ಮಾಡಿಸಿದರೆ, ವರದಿಯಲ್ಲಿ ‘ಅಡ್ರಿನಲ್ ಮೈಲೋಲಿಪೋಮಾ’ ಎಂಬ ಪದವೂ ಇರುತ್ತದೆ. ವರದಿಯ ಫೋಟೊ ಫ್ಯಾಮಿಲಿ ಗ್ರೂಪ್‌ಗೆ ಹೋದರೆ ಸಾಕು, ‘ಗಡ್ಡೆ ಕರಗಿಸುವ ಕಷಾಯ’ದ ಫಾರ್ವರ್ಡ್‌ಗಳು ಶುರು.

ಅಡ್ರಿನಲ್ ಗ್ರಂಥಿಗಳು ಎರಡು, ಒಂದೊಂದು ಮೂತ್ರಪಿಂಡದ ಮೇಲೆ ಒಂದೊಂದು. ಅಲ್ಲಿ ಅಪರೂಪಕ್ಕೆ ಬೆಳೆಯುವ ಮೈಲೋಲಿಪೋಮಾದ ಒಳಗಿರುವುದು ಕೊಬ್ಬು, ಜೊತೆಗೆ ಮೂಳೆಮಜ್ಜೆಯಂತೆ ರಕ್ತಕಣ ತಯಾರಿಸುವ ಅಂಗಾಂಶ. ವಿಚಿತ್ರ ಅನ್ನಿಸಬಹುದು, ಆದರೆ ಇದು ಕ್ಯಾನ್ಸರ್ ಅಲ್ಲ. ಸಾಮಾನ್ಯವಾಗಿ ಹಾರ್ಮೋನನ್ನೂ ಸ್ರವಿಸುವುದಿಲ್ಲ. ಸಿಟಿ ಅಳತೆಯಲ್ಲಿ ನೀರು 0, ಕೊಬ್ಬು ಅದಕ್ಕಿಂತ ಕೆಳಗೆ, ಮೈನಸ್‌ನಲ್ಲಿ ಇರುತ್ತದೆ. ಹಾಗಾಗಿ ಬಹುತೇಕ ಸಲ ಸೂಜಿ ಚುಚ್ಚದೆಯೇ ಇದನ್ನು ಗುರುತಿಸಬಹುದು.

ಚಿಕ್ಕದಾಗಿದ್ದು ತೊಂದರೆ ಕೊಡದಿದ್ದರೆ ಹಾಗೆಯೇ ಬಿಡುತ್ತಾರೆ. ತುಂಬಾ ದೊಡ್ಡದಾದರೆ, ನೋವು ಅಥವಾ ಒಳಗೆ ರಕ್ತಸ್ರಾವ ಆದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಕಷಾಯದಿಂದ ಕರಗುತ್ತದೆ ಎನ್ನಲು ಪುರಾವೆ ಇಲ್ಲ.

ಹಾಗಂತ ‘ಅಡ್ರಿನಲ್ ಗಡ್ಡೆಗಳೆಲ್ಲ ನಿರುಪದ್ರವಿ’ ಎಂದು ನಾವು ಹೇಳುತ್ತಿಲ್ಲ. ಅದೇ ಗ್ರಂಥಿಯಲ್ಲಿ ಬೆಳೆಯುವ ಫಿಯೋಕ್ರೊಮೋಸೈಟೋಮಾ ಅಡ್ರಿನಲಿನ್‌ನಂಥ ಹಾರ್ಮೋನುಗಳನ್ನು ಸುರಿಸುತ್ತದೆ. ಇದ್ದಕ್ಕಿದ್ದಂತೆ ತಲೆನೋವು, ಬೆವರು, ಎದೆಬಡಿತ, ಏರುವ ಬಿಪಿ ಇದರ ಲಕ್ಷಣಗಳು. ಇದು ಗೊತ್ತಾಗದೆ ಬಯಾಪ್ಸಿ ಅಥವಾ ಆಪರೇಷನ್ ಮಾಡಿದರೆ ಬಿಪಿ ಜೀವಕ್ಕೇ ಅಪಾಯವಾಗುವಷ್ಟು ಏರಬಹುದು. ಗಡ್ಡೆಯಲ್ಲಿ ಕೊಬ್ಬು ಸ್ಪಷ್ಟವಾಗಿ ಕಾಣದಿದ್ದಾಗ ವೈದ್ಯರು ರಕ್ತ ಅಥವಾ ಮೂತ್ರದ ಮೆಟಾನೆಫ್ರಿನ್ ಪರೀಕ್ಷೆ ಬರೆಯುವುದು ಇದಕ್ಕೇ. ‘ಸುಮ್ಮನೆ ದುಡ್ಡಿಗೆ ಬರೆದಿದ್ದಾರೆ’ ಎಂದು ಅದನ್ನು ಬಿಡಬೇಡಿ.