ಸಾಮಾನ ನಂದು, ಮಜೂರಿ ನಿಂದು

ಗಿರಣಿಗೆ ಗೋದಿ ನಾವ ಒಯ್ತೇವಿ, ಬೀಸಿದವಾ ಕಿಲೋಕ್ಕ ಇಷ್ಟು ಅಂತ ತೊಗೋತಾನ. ಕುಪ್ಪಸದ ಅರಬಿ, ಅಸ್ತರ ನಾವ ಒಯ್ತೇವಿ, ಟೇಲರ್ ಹೊಲದಿದ್ದಕ್ಕ ಮಜೂರಿ ತೊಗೋತಾನ. ಮನ್ಯಾಗ ಮುಂಜಿವಿ ಇದ್ರ ಅಡಗಿ ಆಚಾರ್ರು ಯಾದಿ ಬರದ ಕೊಡ್ತಾರ, ಬ್ಯಾಳಿ, ಬೆಲ್ಲಾ, ಎಣ್ಣಿ ಎಲ್ಲಾ ನಾವ ತಂದ ಹಾಕ್ತೇವಿ. ಇವತ್ತಿನ ತನಕಾ ಯಾವ ಆಚಾರ್ರೂ “ನಿಮ್ಮ ಬೆಲ್ಲದ್ಲೆ ನಾ ಹೂರಣ ಅರಿಯಂಗಿಲ್ಲ, ನನ್ನ ಹತ್ರನ ಕೊಳ್ಳರಿ” ಅಂದಿಲ್ಲ. ಹಂಗಿದ್ದ ಮ್ಯಾಲೆ ಗ್ಯಾರೇಜಿನವರಿಗೆ ಮಾತ್ರ ಏನ ಧಾಡಿ ಬಂದದ ಅಂತ ನಾ ಕೇಳ್ತೇನಿ.

ಆಗಿದ್ದ ಇಷ್ಟ. ನಮ್ಮನಿ ಸ್ಕೂಟರ್ ನನ್ನ ಮಗಳು ಹೊಡೀತಾಳ. ನಮ್ಮ ಓಣಿ ಪೂರಾ ಇಳಿಜಾರು, ಮ್ಯಾಲೆ ಈ ಧಾರವಾಡದ ಮಳಿ, ಹಿಡಕೊಂಡ್ರ ಬಿಡೂ ಮಾತ ಇಲ್ಲ. ಒಂದ ದಿವಸ ಸಂಜಿಕೆ ಆಕಿ ತೊಯ್ಸಿಕೊಂಡ ಬಂದಾಕಿನ, “ಅವ್ವಾ, ಇವತ್ತ ಎರಡೂ ಬ್ರೇಕ್ ಹಿಡದ್ರೂ ಗಾಡಿ ನಿಲ್ಲಲಿಲ್ಲ, ಕಾಲ ಊರಿ ನಿಲ್ಲಿಸಿದೆ” ಅಂದ್ಲು. ಮುಂದ ಒಬ್ಬ ಅಜ್ಜಾ ಛತ್ರಿ ಹಿಡಕೊಂಡ ರಸ್ತೆ ದಾಟಲಿಕ್ಕತ್ತಿದ್ನಂತ. ನನಗ ಕೈಯಾಗಿನ ಲಟ್ಟಣಗಿ ಅಲ್ಲೇ ನಿಂತ ಬಿಡ್ತು. ಯಾಕಂದ್ರ ಆ ಬ್ರೇಕ್ ಶೂ ಹಾಕಿಸಿ ಬರೇ ನಾಲ್ಕ ತಿಂಗಳಾಗಿತ್ತು.

ಹಾಕಿದಾಂವ ನಮಗ ಹತ್ತ-ಹನ್ನೆರಡ ವರ್ಷದಿಂದ ಗುರ್ತಿನಾಂವ. ಮುಂದಿಂದು ಹಿಂದಿಂದು ಕೂಡಿ ಸಾಮಾನಕ್ಕ 800, ಕೆಲಸಕ್ಕ 100 ಅಂತ ಕ್ಯಾಲೆಂಡರ್ ಹಾಳಿ ಹರದ ಅದರ ಹಿಂದ ಬರದ ಕೊಟ್ಟಿದ್ದಾ. “ಕಂಪನಿ ಮಾಲ್ರಿ ಅಕ್ಕಾರ, ಚಿಂತಿನ ಬ್ಯಾಡ” ಅಂದಿದ್ದಾ. ಪಾಕೀಟ ಎಲ್ಲದ ಅಂತ ನಾ ಅವತ್ತ ಕೇಳಲಿಲ್ಲ. ಕಾಯಿಪಲ್ಲೆ ತೊಗೊಳ್ಳುವಾಗ ಒಂದೊಂದ ಬದನಿಕಾಯಿ ತಿರಗಿಸಿ ನೋಡಾಕಿ ನಾನು, ಮಗಳ ಜೀವಾ ಕಾಯೂ ಬ್ರೇಕ್ ಮಾತ್ರ ಕಣ್ಣ ಮುಚ್ಚಿ ತೊಗೊಂಡೆ. ತಪ್ಪ ನಂದೂ ಅದ.

ಈ ಸಲ ನಾನ ಮಗಳನ್ನ ಕರಕೊಂಡ ಬಿಡಿಭಾಗದ ಅಂಗಡಿಗೆ ಹೋದೆ. ಗಾಡಿ ಮಾಡೆಲ್ಲು, ವರ್ಷ ಹೇಳಿದ್ವಿ. ಸೀಲ್ ಇದ್ದ ಪಾಕೀಟ ಕೊಟ್ಟಾ, ಅದರ ಮ್ಯಾಲೆ ಎಮ್‌ಆರ್‌ಪಿ, ತಯಾರಿಸಿದವರ ಹೆಸರು, ತಿಂಗಳು, ವರ್ಷ ಎಲ್ಲಾ ಛಾಪಿಸಿತ್ತು. ಎರಡೂ ಕೂಡಿ 520 ರೂಪಾಯಿ, ಬಿಲ್ ಸಮೇತ. ಒಯ್ದ ಗ್ಯಾರೇಜಿನಾಂವನ ಮುಂದ ಇಟ್ಟೆ. ಮುಟ್ಟಲಿಲ್ಲ ಅಂವಾ! “ಹೊರಗಿನ ಸಾಮಾನ ನಾವ ಹಾಕಂಗಿಲ್ರಿ ಅಕ್ಕಾರ, ನಮ್ಮ ಕಡೆನ ತೊಗೋಬೇಕು” ಅಂದಾ.

280 ರೂಪಾಯಿ ಹೋತು ಅಂತ ಅಲ್ಲ ನನ್ನ ಸಿಟ್ಟು. ಅಷ್ಟ ರೊಕ್ಕಾ ನಾವ ಎಲ್ಲೆಲ್ಲೋ ಕಳಕೋತೇವಿ. ಸ್ವಲ್ಪ ವಿಚಾರ ಮಾಡ್ರಿ. ಕೈಕೆಲಸಕ್ಕ ನೂರ ರೂಪಾಯಿ ತೊಗೊಂಡು ಉಳದ ಗಳಿಕಿ ಎಲ್ಲಾ ಸಾಮಾನಿನ್ಯಾಗ ಮುಚ್ಚಿ ಇಟ್ರ ಏನ ಆಗ್ತದ? ಸಾಮಾನ ಎಷ್ಟ ಕೆಟ್ಟದ್ದೋ ಅಂವಗ ಅಷ್ಟ ಲಾಭ. 520ರ ಮಾಲ್ ಹಾಕಿದ್ರ 280 ಉಳೀತದ, 150ರ ಮಾಲ್ ಹಾಕಿದ್ರ 650 ಉಳೀತದ. ಮನಷ್ಯಾ ಎಷ್ಟ ಛಲೋ ಇದ್ರೂ ದಿನಾ ಈ ಲೆಕ್ಕಾ ಕಣ್ಣ ಮುಂದ ಕುಣದ್ರ ಕೈ ಯಾವ ಕಡೆ ಹೋಗ್ತದ? ಆ ಲೆಕ್ಕದಾಗ ನನ್ನ ಮಗಳು ಎಲ್ಲೂ ಇಲ್ಲ.

ಇನ್ನೊಂದ ಕೇಳ್ರಿ. 2014ರ ಆಗಸ್ಟ್‌ನ್ಯಾಗ ಭಾರತೀಯ ಸ್ಪರ್ಧಾ ಆಯೋಗ 14 ಕಾರ್ ಕಂಪನಿಗಳಿಗೆ ಕೂಡಿ 2,544 ಕೋಟಿ ರೂಪಾಯಿ ದಂಡಾ ಹಾಕಿತ್ತು. ಯಾಕಪಾ ಅಂದ್ರ, ಬಿಡಿಭಾಗ ಹೊರಗಿನ ಪ್ಯಾಟಿಯೊಳಗ ಸಿಗದಂಗ ಮಾಡಿ, ರಿಪೇರಿಗೆ ಎಲ್ಲಾರೂ ತಮ್ಮ ಹತ್ರನ ಬರೂಹಂಗ ಮಾಡಿದ್ರು ಅಂತ. ಹೊರಗಿನ ಸಣ್ಣ ಗ್ಯಾರೇಜಿನವರಿಗೂ ಸಾಮಾನ ಸಿಗಬೇಕು, ಹೊರಗ ರಿಪೇರಿ ಮಾಡಿಸಿದ್ರು ಅನ್ನೂ ಒಂದ ಕಾರಣಕ್ಕ ವಾರಂಟಿ ರದ್ದ ಮಾಡಬಾರದು ಅಂತ ಆಯೋಗ ಹೇಳ್ತು. ಅಂದ್ರ “ನಮ್ಮ ಕಡೆನ ತೊಗೋಬೇಕು” ಅಂತ ದೊಡ್ಡವರು ಅಂದಾಗ ಏಟ ಬಿದ್ದದ್ದ ಯಾರಿಗೆ? ಇಂಥಾ ಸಣ್ಣ ಗ್ಯಾರೇಜಿನವರಿಗೇ. ಈಗ ಅದ ಮಾತ ಅಂವಾ ನನಗ ಅಂತಾನ!

ಹಂಗಂತ ಅವನ ಮಾತಿನ್ಯಾಗ ಹುರುಳ ಇಲ್ಲಂತ ನಾ ಅನ್ನಂಗಿಲ್ಲ. “ನೀವ ತಂದದ್ದ ಕೆಟ್ರ ನನ್ನ ಮ್ಯಾಲೆ ಬರ್ತೀರಿ” ಅಂದಾ. ಬರ್ತಾರ, ಖರೇನ ಅದ. ನಮ್ಮ ಮೈದುನನ ತೊಗೋರಿ. ಮೊಬೈಲ್‌ನ್ಯಾಗ ಸೋವಿ ಸಿಕ್ತು ಅಂತ ಡ್ರೈವ್ ಬೆಲ್ಟ್ ತರಿಸಿದಾ. ಗಾಡಿ ಬಿಚ್ಚಿ ನೋಡಿದ್ರ ಬೆಲ್ಟ್ ಬ್ಯಾರೆ ಮಾಡೆಲ್ಲಿಂದು. ಅದನ್ನ ವಾಪಸ್ ಕಳಿಸಿ ಇನ್ನೊಂದ ಬರೂ ತನಕಾ ನಾಲ್ಕ ದಿವಸ ಗಾಡಿ ಆ ಹುಡುಗನ ಅಂಗಡಿ ಮುಂದ ಹೊಟ್ಟಿ ಬಿಚ್ಚಿಕೊಂಡ ನಿಂತಿತ್ತು, ಅವನ ಬ್ಯಾರೆ ಗಿರಾಕಿಗೆ ಜಾಗಾ ಇಲ್ಲ. ಕಡೀಕೆ ನಮ್ಮ ಮೈದುನಾ ಕೊಟ್ಟದ್ದ ಒಂದ ಸಲದ ಮಜೂರಿ, ಅದೂ ಚೌಕಾಶಿ ಮಾಡಿ. ಇಂಥವರ ಸಲವಾಗಿ ಅಂವಾ “ಹೊರಗಿಂದ ಹಾಕಂಗಿಲ್ಲ” ಅಂತ ಬೋರ್ಡ್ ಬರಸಿದ್ರ ನಾ ಅವನ ಕಡೆನ.

ಮತ್ತ ನಮ್ಮನಿಯವರು? “ಎರಡ ನಟ್ ಬಿಚ್ಚಲಿಕ್ಕೆ ಇನ್ನೂರ ರೂಪಾಯಿ?” ಅಂತ ಕೇಳೂ ಪೈಕಿ. ಸಾಮಾನಿನ ಬಿಲ್ಲು 800 ಅಂದ್ರ ತುಟಿ ಪಿಟಕ್ ಅನ್ನಂಗಿಲ್ಲ, ಅದ ಕೈಕೂಲಿ 200 ಅಂದ್ರ ಅರ್ಧಾ ತಾಸ ವಾದಾ. ಅಡಗಿ ಮನಿ ಕೆಲಸಕ್ಕ ಬೆಲೆ ಇಲ್ಲ ಅಂತ ಮೂವತ್ತ ವರ್ಷ ಅನಕೋತ ಬಂದಾಕಿ ನಾ, ನನಗ ಇದು ಭಾಳ ಛಂದ ಗೊತ್ತಾಗ್ತದ. ಕೈಗೆ ಬೆಲೆ ಕೊಡದಿದ್ರ ಕೈ ಇದ್ದಾಂವ ಬ್ಯಾರೆ ಕಡೆಯಿಂದ ವಸೂಲಿ ಮಾಡ್ತಾನ. ಅವನ್ನ ಸಾಮಾನಿನ್ಯಾಗ ಕಳ್ಳತನಾ ಮಾಡಲಿಕ್ಕೆ ಹಚ್ಚಿದವರು ನಾವ.

ಅದಕ್ಕ ನಾ ಅಲ್ಲೇ ಸ್ಟೂಲ್ ಎಳಕೊಂಡ ಕೂತ ಬಿಟ್ಟೆ. “ತಮ್ಮಾ, ನಿನ್ನ ಖರೇ ಮಜೂರಿ ಎಷ್ಟ, ಅದನ್ನ ಹೇಳು, ನಾ ಚೌಕಾಶಿ ಮಾಡಂಗಿಲ್ಲ. ಪಾಕೀಟ ನಿನ್ನ ಮುಂದನ ಒಡೀತೇನಿ, ಅಳತಿ ಹತ್ತತದೋ ಇಲ್ಲೋ ಬಿಚ್ಚೂಕಿಂತ ಮೊದಲ ನೋಡಿ ಹೇಳು. ಶೂ ಕೆಟ್ರ ನಾ ಅಂಗಡ್ಯಾವನ ಕಡೆ ಹೋಗ್ತೇನಿ, ಕೂಡಿಸಿದ್ದ ಸಡಲಾದ್ರ ನಿನ್ನ ಕಡೆ ಬರ್ತೇನಿ. ಬಿಚ್ಚಿದ ಹಳೇವು ನನ್ನ ಕೈಯಾಗ ಕೊಡು” ಅಂದೆ. ಅಂವಾ ತಲಿ ತುರಿಸಿಕೊಂಡಾ. ಆಮ್ಯಾಲೆ “300 ಆಗ್ತದ್ರಿ ಅಕ್ಕಾರ, ಡ್ರಮ್ಮೂ ಉಜ್ಜಬೇಕು” ಅಂದಾ. ನಮ್ಮನಿಯವರು ಬಾಯಿ ತಗೀಲಿಕ್ಕತ್ತಿದ್ರು, ನಾ ಒಂದ ಸಲ ಹೊಳ್ಳಿ ನೋಡಿದೆ, ಬಾಯಿ ಮುಚ್ಚಿದ್ರು.

520ಕ್ಕ 300 ಕೂಡಿದ್ರ 820. ಹೋದ ಸಲಕಿಂತ 80 ಕಡಿಮಿನ. ಅಂವಗ ಮಜೂರಿ ಅಂತ ಉಳದದ್ದ 300, ಮುಚ್ಚಿ ಇಡೂದ ಏನೂ ಇಲ್ಲ.

ಬಿಚ್ಚಿದ ಹಳೇ ಶೂ ಕೊಡುವಾಗ ಮಾತ್ರ ಅಂವಾ ನನ್ನ ಮಾರಿ ನೋಡಲಿಲ್ಲ. ಲೈನಿಂಗ್ ಬೀಡಿ ಎಲಿ ಹಂಗ ತೆಳ್ಳಗ ಆಗಿತ್ತು, ಒಂದ ಕಡೆ ಪೂರಾ ಕಬ್ಬಿಣಾ ಕಾಣ್ತಿತ್ತು. ಅವನ್ನ ತಂದ ಅಡಗಿ ಮನಿ ಕಿಟಕಿ ಕಟ್ಟಿ ಮ್ಯಾಲೆ ಇಟ್ಟೇನಿ. ನಮ್ಮನಿಯವರು ದಿನಾ ಒಗೀ ಒಗೀ ಅಂತಾರ. ನಾ ಇನ್ನೂ ಒಗದಿಲ್ಲ.